ಎಣ್ಣೆ ತಾಳೆ: ತಿರುಳಿನ ಎಣ್ಣೆ ಮತ್ತು ಬೀಜದ ಎಣ್ಣೆ

ಎಣ್ಣೆ ತಾಳೆ ತೆಂಗು, ಅಡಿಕೆ, ಖರ್ಜೂರಗಳ ಕುಟುಂಬಕ್ಕೆ ಸೇರಿದ ಮರ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆನಾಡು ಇದರ ತವರು. 1763ರಲ್ಲಿ ನಿಕೊಲಾಸ್ ಯೋಸೆಫ್ ಫಾನ್ ಯಾಕ್ವಿನ್ ಇದಕ್ಕೆ ಇಲೀಯಿಸ್ ಗಿನೀನ್ಸಿಸ್ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟ. ಈ ಮರದ ಒಂದೇ ಹಣ್ಣಿನಲ್ಲಿ ಎರಡು ಎಣ್ಣೆಗಳಿವೆ. ಹೊರಗಿನ ತಿರುಳಿನಿಂದ ಬರುವುದು ತಾಳೆ ಎಣ್ಣೆ. ಚಿಪ್ಪಿನೊಳಗಿನ ಬೀಜದಿಂದ ಬರುವುದು ತಾಳೆ ಬೀಜದ ಎಣ್ಣೆ. ಎರಡರ ನಡುವೆ ಇರುವುದು ಕೆಲವೇ ಮಿಲಿಮೀಟರು ದಪ್ಪದ ಚಿಪ್ಪು ಮಾತ್ರ. ಆದರೂ ಬಣ್ಣ, ಕರಗುವ ಉಷ್ಣತೆ, ರಾಸಾಯನಿಕ ರಚನೆ, ಬಳಕೆ ಯಾವುದರಲ್ಲೂ ಅವು ಒಂದನ್ನೊಂದು ಹೋಲುವುದಿಲ್ಲ. ಸಸ್ಯದ ಲಿಪಿಡ್, ಅಂದರೆ ಎಣ್ಣೆ-ಕೊಬ್ಬಿನಂಥ ಪದಾರ್ಥ, ಎಂಥದ್ದು ಎಂಬುದನ್ನು ಆ ಸಸ್ಯದ ಜಾತಿಯೊಂದೇ ನಿರ್ಧರಿಸುವುದಿಲ್ಲ, ಲಿಪಿಡ್ ಕೂಡಿಟ್ಟ ಅಂಗಾಂಶವೂ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಹಣ್ಣಿನ ರಚನೆ

ತಾಳೆ ಹಣ್ಣುಗಳು ಗೊನೆಯಲ್ಲಿ ಒತ್ತೊತ್ತಾಗಿ ಬೆಳೆಯುತ್ತವೆ. ಬಲಿತ ಗೊನೆ ಸಾಮಾನ್ಯವಾಗಿ 10ರಿಂದ 25 ಕಿಲೋ ತೂಗುತ್ತದೆ. ಅದರಲ್ಲಿ ಸಾವಿರದಿಂದ ಮೂರು ಸಾವಿರದವರೆಗೆ ಹಣ್ಣುಗಳಿರುತ್ತವೆ. ಹಣ್ಣನ್ನು ಅಡ್ಡ ಸೀಳಿದರೆ ಹೊರಗೆ ತೆಳುವಾದ ಸಿಪ್ಪೆ, ಅದರ ಕೆಳಗೆ ಕಿತ್ತಳೆ ಬಣ್ಣದ ನಾರುಳ್ಳ ತಿರುಳು, ಆಮೇಲೆ ಕಪ್ಪಗಿನ ಗಟ್ಟಿ ಚಿಪ್ಪು, ನಡುವೆ ಬೆಳ್ಳಗಿನ ಬೀಜ ಕಾಣುತ್ತವೆ. ಬೀಜದ ಬಹುಭಾಗ ಭ್ರೂಣಾಹಾರ. ಅದರೊಳಗೆ ಪುಟ್ಟ ಭ್ರೂಣ ಹುದುಗಿರುತ್ತದೆ.

ತೆಂಗಿನಕಾಯಿಯ ರಚನೆಯೂ ಇದೇ. ತಾಳೆಯಲ್ಲಿ ಎಣ್ಣೆ ತುಂಬಿಕೊಳ್ಳುವ ಮಧ್ಯದ ಪದರ ತೆಂಗಿನಲ್ಲಿ ನಾರಾಗುತ್ತದೆ. ತಾಳೆಯ ಚಿಪ್ಪಿನ ಜಾಗದಲ್ಲಿ ಅಲ್ಲಿ ಕರಟವಿದೆ, ತಾಳೆಯ ಭ್ರೂಣಾಹಾರದ ಜಾಗದಲ್ಲಿ ಕೊಬ್ಬರಿಯಿದೆ. ಹೀಗಾಗಿ ತಾಳೆ ಬೀಜದ ಎಣ್ಣೆ ಕೊಬ್ಬರಿ ಎಣ್ಣೆಯನ್ನು ಬಹುಮಟ್ಟಿಗೆ ಹೋಲುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ತಾಳೆಯ ತಿರುಳಿನ ಎಣ್ಣೆಗೆ ತೆಂಗಿನಲ್ಲಿ ಜೋಡಿಯೇ ಇಲ್ಲ.

ತಿರುಳು ಮತ್ತು ಬೀಜ ಹುಟ್ಟುವ ಬಗೆಯೂ ಬೇರೆ. ತಿರುಳು ಹೂವಿನ ಅಂಡಾಶಯದ ಗೋಡೆಯಿಂದ ಬೆಳೆದದ್ದು. ಅದು ಪೂರ್ತಿಯಾಗಿ ತಾಯಿಮರದ ಅಂಗಾಂಶ. ಭ್ರೂಣಾಹಾರ ಪರಾಗದ ಸಂಯೋಗದಿಂದ ಹೊಸದಾಗಿ ಹುಟ್ಟಿದ್ದು. ಅದರಲ್ಲಿ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು ಪಾಲು ವರ್ಣತಂತುಗಳಿರುತ್ತವೆ. ಚಿಪ್ಪೂ ತಾಯಿಯದೇ. ಚಿಪ್ಪಿನ ದಪ್ಪವನ್ನು ಒಂದೇ ವಂಶವಾಹಿ ನಿಯಂತ್ರಿಸುತ್ತದೆ ಎಂಬುದನ್ನು ಬೆಲ್ಜಿಯನ್ ಕಾಂಗೋದಲ್ಲಿ ಕೆಲಸ ಮಾಡುತ್ತಿದ್ದ ಬೈರ್ನಾರ್ಟ್ ಮತ್ತು ವಾಂಡರ್‌ವೇಯನ್ 1941ರಲ್ಲಿ ಪ್ರಕಟಿಸಿದರು. ದಪ್ಪ ಚಿಪ್ಪಿನ ಡ್ಯೂರಾ, ಚಿಪ್ಪಿಲ್ಲದ ಪಿಸಿಫೆರಾ ಇವೆರಡನ್ನು ಕೂಡಿಸಿದಾಗ ತೆಳುಚಿಪ್ಪಿನ ಟೆನೆರಾ ಬರುತ್ತದೆ. ಚಿಪ್ಪು ತೆಳುವಾದಷ್ಟೂ ತಿರುಳು ಹೆಚ್ಚುತ್ತದೆ. ಇಂದಿನ ತೋಟಗಳಲ್ಲಿ ಹೆಚ್ಚಾಗಿ ಇರುವುದು ಟೆನೆರಾ. ಆ ವಂಶವಾಹಿಯನ್ನು 2013ರಲ್ಲಿ ಗುರುತಿಸಲಾಯಿತು.

ಎಣ್ಣೆಯ ಪ್ರಮಾಣ

ಬಲಿತ ತಿರುಳಿನಲ್ಲಿ ನೀರನ್ನು ಬಿಟ್ಟು ಉಳಿಯುವ ಒಣತೂಕದ ಮುಕ್ಕಾಲು ಪಾಲು, ಕೆಲವು ಅಳತೆಗಳಲ್ಲಿ ಶೇ. 90ರವರೆಗೂ, ಎಣ್ಣೆಯೇ. ಸಸ್ಯಲೋಕದ ಅಂಗಾಂಶಗಳಲ್ಲಿ ಇಷ್ಟು ಎಣ್ಣೆ ತುಂಬಿಕೊಳ್ಳುವಂಥವು ಬಹಳ ವಿರಳ. ಬೀಜದಲ್ಲಿ ಎಣ್ಣೆ ಸುಮಾರು ಅರ್ಧದಷ್ಟು. ಉಳಿದದ್ದು ಮುಖ್ಯವಾಗಿ ಕೋಶಭಿತ್ತಿಯಲ್ಲಿ ಕೂಡಿಟ್ಟ ಶರ್ಕರಪಿಷ್ಟ ಮತ್ತು ಪ್ರೋಟೀನು. ಗೊನೆಯ ತೂಕದ ಲೆಕ್ಕದಲ್ಲಿ ನೋಡಿದರೆ ಒಳ್ಳೆಯ ಕಾರ್ಖಾನೆಗೆ ತಿರುಳಿನಿಂದ ಶೇ. 20ರಿಂದ 22ರಷ್ಟು ಎಣ್ಣೆ ದಕ್ಕುತ್ತದೆ. ಬೀಜದ ತೂಕವೇ ಗೊನೆಯ ಶೇ. 5ರ ಆಸುಪಾಸು, ಅದರಲ್ಲಿ ಎಣ್ಣೆಯಾಗುವುದು ಅರ್ಧ. ಹೀಗಾಗಿ ಬೀಜದ ಎಣ್ಣೆಯ ಉತ್ಪಾದನೆ ತಿರುಳಿನ ಎಣ್ಣೆಯ ಸುಮಾರು ಹತ್ತನೇ ಒಂದು ಪಾಲು.

ಕೊಬ್ಬಿನಾಮ್ಲಗಳ ಹೋಲಿಕೆ

ಎರಡೂ ಎಣ್ಣೆಗಳ ಬಹುಭಾಗ ಟ್ರೈಗ್ಲಿಸರೈಡುಗಳು. ಅಂದರೆ ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡ ರಚನೆ. ವ್ಯತ್ಯಾಸವಿರುವುದು ಅಂಟಿಕೊಂಡ ಆಮ್ಲಗಳಲ್ಲಿ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಎರಡೂ ಎಣ್ಣೆಗಳಿಗೆ ಗೊತ್ತುಪಡಿಸಿರುವ ಮಿತಿಗಳು, ಒಟ್ಟು ಕೊಬ್ಬಿನಾಮ್ಲಗಳ ಶೇಕಡಾವಾರು ಲೆಕ್ಕದಲ್ಲಿ, ಹೀಗಿವೆ:

| ಕೊಬ್ಬಿನಾಮ್ಲ (ಇಂಗಾಲದ ಸಂಖ್ಯೆ) | ತಿರುಳಿನ ಎಣ್ಣೆ | ಬೀಜದ ಎಣ್ಣೆ |
|---|---|---|
| ಕ್ಯಾಪ್ರಿಲಿಕ್ (8) | ಇಲ್ಲ | 2.4–6.2 |
| ಕ್ಯಾಪ್ರಿಕ್ (10) | ಇಲ್ಲ | 2.6–5.0 |
| ಲಾರಿಕ್ (12) | 0.5ರ ಒಳಗೆ | 45–55 |
| ಮಿರಿಸ್ಟಿಕ್ (14) | 0.5–2.0 | 14–18 |
| ಪಾಮಿಟಿಕ್ (16) | 39.3–47.5 | 6.5–10 |
| ಸ್ಟಿಯರಿಕ್ (18) | 3.5–6.0 | 1–3 |
| ಒಲಿಯಿಕ್ (18, ಒಂದು ದ್ವಿಬಂಧ) | 36–44 | 12–19 |
| ಲಿನೋಲಿಯಿಕ್ (18, ಎರಡು ದ್ವಿಬಂಧ) | 9–12 | 1–3.5 |

ತಿರುಳಿನ ಎಣ್ಣೆ ಪಾಮಿಟಿಕ್ ಮತ್ತು ಒಲಿಯಿಕ್ ಆಮ್ಲಗಳದ್ದು. ಅದರಲ್ಲಿ ದ್ವಿಬಂಧವಿಲ್ಲದ ಪರ್ಯಾಪ್ತ ಕೊಬ್ಬು ಮತ್ತು ದ್ವಿಬಂಧವಿರುವ ಅಪರ್ಯಾಪ್ತ ಕೊಬ್ಬು ಹೆಚ್ಚು ಕಡಿಮೆ ಸಮನಾಗಿವೆ. ಪಾಮಿಟಿಕ್ ಆಮ್ಲವನ್ನು ಫ್ರೆಂಚ್ ರಸಾಯನವಿಜ್ಞಾನಿ ಎಡ್ಮಂಡ್ ಫ್ರೆಮಿ 1840ರಲ್ಲಿ ಬೇರ್ಪಡಿಸಿದ್ದು ಇದೇ ತಾಳೆ ಎಣ್ಣೆಯಿಂದ. ಬೀಜದ ಎಣ್ಣೆಯಲ್ಲಿ ಶೇ. 80ಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು. ಅರ್ಧದಷ್ಟು ಲಾರಿಕ್ ಆಮ್ಲವೊಂದೇ. ಬೀಜದೊಳಗಿನ ಭ್ರೂಣದಲ್ಲೂ ಸ್ವಲ್ಪ ಎಣ್ಣೆಯಿದೆ. ಅದು ಇವೆರಡನ್ನೂ ಹೋಲದೆ ಲಿನೋಲಿಯಿಕ್ ಆಮ್ಲವನ್ನು ಗಣನೀಯವಾಗಿ ಹೊಂದಿದೆ. ಪ್ರಮಾಣ ತೀರ ಕಡಿಮೆಯಾದ್ದರಿಂದ ವ್ಯಾಪಾರದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಣ್ಣಿನ ಮೂರು ಅಂಗಾಂಶಗಳಲ್ಲಿ ಮೂರು ಬಗೆಯ ಎಣ್ಣೆ ಎಂಬುದು ವಿಜ್ಞಾನದ ದೃಷ್ಟಿಯಿಂದ ಮಹತ್ವದ ಸಂಗತಿ.

ಭೌತಿಕ ಗುಣಗಳು

ಎಣ್ಣೆಯಲ್ಲಿರುವ ದ್ವಿಬಂಧಗಳ ಪ್ರಮಾಣವನ್ನು ಅಯೋಡಿನ್ ಮೌಲ್ಯ ತಿಳಿಸುತ್ತದೆ. ತಿರುಳಿನ ಎಣ್ಣೆಯದು 50ರಿಂದ 55, ಬೀಜದ ಎಣ್ಣೆಯದು 14ರಿಂದ 21. ಸಾಬೂನೀಕರಣ ಮೌಲ್ಯ ಸರಪಣಿಗಳ ಸರಾಸರಿ ಉದ್ದವನ್ನು ತಿಳಿಸುತ್ತದೆ. ಸರಪಣಿ ಮೋಟಾದಷ್ಟೂ ಅದು ಏರುತ್ತದೆ. ತಿರುಳಿನ ಎಣ್ಣೆಯಲ್ಲಿ ಅದು 190ರಿಂದ 209, ಬೀಜದ ಎಣ್ಣೆಯಲ್ಲಿ 230ರಿಂದ 254.

ಪರ್ಯಾಪ್ತ ಕೊಬ್ಬು ಹೆಚ್ಚಿದಷ್ಟೂ ಎಣ್ಣೆ ಗಟ್ಟಿಯಾಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇಲ್ಲಿ ಅದು ತಿರುವುಮುರುವಾಗಿ ಕಾಣುತ್ತದೆ. ಪರ್ಯಾಪ್ತ ಕೊಬ್ಬು ಕಡಿಮೆಯಿರುವ ತಿರುಳಿನ ಎಣ್ಣೆ ಕರಗುವುದು 33ರಿಂದ 39 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪರ್ಯಾಪ್ತ ಕೊಬ್ಬೇ ತುಂಬಿರುವ ಬೀಜದ ಎಣ್ಣೆ 25ರಿಂದ 30 ಡಿಗ್ರಿಯಲ್ಲೇ ಕರಗುತ್ತದೆ. ಕಾರಣ ಸರಪಣಿಯ ಉದ್ದ. ಹದಿನಾರು ಇಂಗಾಲದ ಪಾಮಿಟಿಕ್ ಆಮ್ಲ 63 ಡಿಗ್ರಿಯಲ್ಲಿ ಕರಗಿದರೆ ಹನ್ನೆರಡು ಇಂಗಾಲದ ಲಾರಿಕ್ ಆಮ್ಲ 44 ಡಿಗ್ರಿಯಲ್ಲಿ ಕರಗುತ್ತದೆ. ಕರಗುವ ರೀತಿಯಲ್ಲೂ ಭೇದವಿದೆ. ತಿರುಳಿನ ಎಣ್ಣೆಯಲ್ಲಿ ಬಗೆಬಗೆಯ ಟ್ರೈಗ್ಲಿಸರೈಡುಗಳಿರುವುದರಿಂದ ಅದು ನಿಧಾನವಾಗಿ, ಹಂತಹಂತವಾಗಿ ಮೆತ್ತಗಾಗುತ್ತದೆ. ಬೀಜದ ಎಣ್ಣೆ ಕಡಿಮೆ ಅಂತರದಲ್ಲಿ ಥಟ್ಟನೆ ಕರಗುತ್ತದೆ. ಬಾಯಿಗಿಟ್ಟೊಡನೆ ಕರಗಬೇಕಾದ ಮಿಠಾಯಿಗಳಿಗೆ ಬೀಜದ ಎಣ್ಣೆಯನ್ನು ಆರಿಸುವುದು ಇದಕ್ಕಾಗಿ.

ಗ್ಲಿಸರಾಲಿನ ಮೂರು ಸ್ಥಾನಗಳಲ್ಲಿ ಯಾವ ಆಮ್ಲ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ತಿರುಳಿನ ಎಣ್ಣೆಯಲ್ಲಿ ಪಾಮಿಟಿಕ್ ಆಮ್ಲ ಹೆಚ್ಚಾಗಿ ಎರಡು ತುದಿಗಳಲ್ಲಿರುತ್ತದೆ; ನಡುವಿನ ಸ್ಥಾನ ಬಹುತೇಕ ಒಲಿಯಿಕ್ ಆಮ್ಲದ್ದು. ಬೀಜದಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿ ಮೂರೂ ಸ್ಥಾನಗಳಲ್ಲಿ ಲಾರಿಕ್ ಆಮ್ಲವಿರುವ ಟ್ರೈಲಾರಿನ್ ಪ್ರಧಾನ ಘಟಕ.

ಇತರ ಲಿಪಿಡುಗಳು

ಕಚ್ಚಾ ತಾಳೆ ಎಣ್ಣೆಯ ಕೆಂಪು ಬಣ್ಣ ಕ್ಯಾರೊಟಿನಾಯ್ಡುಗಳಿಂದ ಬಂದದ್ದು. ಸಾಮಾನ್ಯ ತೋಟದ ಎಣ್ಣೆಯಲ್ಲಿ ಕಿಲೋಗೆ 500ರಿಂದ 700 ಮಿಲಿಗ್ರಾಂ ಇರುತ್ತವೆ. ಅವುಗಳಲ್ಲಿ ಆಲ್ಫಾ ಮತ್ತು ಬೀಟಾ ಕ್ಯಾರೊಟಿನ್‌ಗಳದ್ದೇ ದೊಡ್ಡ ಪಾಲು. ಇವು ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುತ್ತವೆ. ವಿಟಮಿನ್ ಇ ಗುಂಪಿನ ಟೊಕೊಫೆರಾಲ್ ಮತ್ತು ಟೊಕೊಟ್ರೈಯೆನಾಲ್‌ಗಳೂ ಕಿಲೋಗೆ 600ರಿಂದ 1000 ಮಿಲಿಗ್ರಾಂವರೆಗೆ ಇರುತ್ತವೆ. ಇವುಗಳಲ್ಲಿ ಟೊಕೊಟ್ರೈಯೆನಾಲ್‌ಗಳದ್ದೇ ಮೇಲುಗೈ. ಬೀಜದ ಎಣ್ಣೆಯಲ್ಲಿ ಕ್ಯಾರೊಟಿನಾಯ್ಡುಗಳು ಇಲ್ಲವೆನ್ನುವಷ್ಟು ಕಡಿಮೆ, ವಿಟಮಿನ್ ಇ ಕೂಡ ಅಲ್ಪ. ಹಾಗಾಗಿ ಅದರ ಬಣ್ಣ ತಿಳಿಹಳದಿ. ಅದು ಕೆಡದೆ ಉಳಿಯುವುದು ಉತ್ಕರ್ಷಣ ತಡೆಯುವ ಪದಾರ್ಥಗಳಿಂದಲ್ಲ; ಆಮ್ಲಜನಕ ದಾಳಿ ಮಾಡಬಲ್ಲ ದ್ವಿಬಂಧಗಳೇ ಅದರಲ್ಲಿ ಕಡಿಮೆ ಇರುವುದರಿಂದ.

ಎಣ್ಣೆ ಕೋಶದೊಳಗೆ ಕೂಡಿರುವ ಬಗೆಯಲ್ಲೂ ಅಂತರವಿದೆ. ಬೀಜಗಳಲ್ಲಿ ಎಣ್ಣೆಯ ಹನಿಗಳನ್ನು ಓಲಿಯೋಸಿನ್ ಎಂಬ ಪ್ರೋಟೀನು ಸುತ್ತುವರಿದು, ಅವು ಒಂದರೊಳಗೊಂದು ಬೆರೆಯದಂತೆ ಕಾಯುತ್ತದೆ. ಮೊಳಕೆಯೊಡೆಯುವಾಗ ಕಿಣ್ವಗಳು ಸಣ್ಣ ಹನಿಗಳನ್ನು ಸುಲಭವಾಗಿ ಒಡೆಯಬಲ್ಲವು. ತಿರುಳಿನ ಎಣ್ಣೆಯನ್ನು ಮರ ಮತ್ತೆ ಬಳಸುವುದಿಲ್ಲ. ಅಲ್ಲಿನ ಹನಿಗಳು ದೊಡ್ಡವು, ಅವುಗಳಿಗೆ ಈ ಬಗೆಯ ಕಾವಲಿಲ್ಲ.

ಎಣ್ಣೆ ರೂಪುಗೊಳ್ಳುವ ಕ್ರಮ

ಎರಡು ಅಂಗಾಂಶಗಳು ಎಣ್ಣೆ ತುಂಬಿಕೊಳ್ಳುವುದು ಒಂದೇ ಕಾಲದಲ್ಲಲ್ಲ. ಹೂವರಳಿದ ಸುಮಾರು 12 ವಾರಗಳ ನಂತರ ಭ್ರೂಣಾಹಾರದಲ್ಲಿ ಎಣ್ಣೆ ಕೂಡಲು ತೊಡಗುತ್ತದೆ. 16 ವಾರಗಳ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದು ಚಿಪ್ಪೂ ಗಟ್ಟಿಯಾಗಿರುತ್ತದೆ. ತಿರುಳಿನ ಸರದಿ ಶುರುವಾಗುವುದು ಆಗ. ಮುಂದಿನ ಕೆಲವೇ ವಾರಗಳಲ್ಲಿ ಅದು ಎಣ್ಣೆಯಿಂದ ಉಬ್ಬಿ, ಹಸಿರು ಕಳೆದು ಕೆಂಪೇರುತ್ತದೆ. ಬಲಿಯದ ಗೊನೆಯನ್ನು ಕೊಯ್ದರೆ ತಿರುಳಿನ ಎಣ್ಣೆ ಬಹಳ ನಷ್ಟವಾಗುವುದೂ ಬೀಜದ ಎಣ್ಣೆ ಅಷ್ಟಾಗಿ ನಷ್ಟವಾಗದಿರುವುದೂ ಈ ಕ್ರಮದಿಂದಲೇ.

ಕೊಬ್ಬಿನಾಮ್ಲಗಳು ತಯಾರಾಗುವುದು ಕೋಶದ ಪ್ಲಾಸ್ಟಿಡ್‌ಗಳಲ್ಲಿ. ಅಲ್ಲಿ ಎರಡೆರಡು ಇಂಗಾಲಗಳು ಕೂಡುತ್ತಾ ಸರಪಣಿ ಉದ್ದವಾಗುತ್ತದೆ. ಅದು ಯಾವ ಉದ್ದದಲ್ಲಿ ನಿಲ್ಲಬೇಕೆಂಬುದನ್ನು ಥಯೋಎಸ್ಟರೇಸ್ ಕಿಣ್ವ ನಿರ್ಧರಿಸುತ್ತದೆ. ಮಗ್ಗದಿಂದ ಬಟ್ಟೆಯನ್ನು ಗೊತ್ತಾದ ಅಳತೆಗೆ ಕತ್ತರಿಸುವ ನೇಕಾರನಂತೆ ಅದು ಸರಪಣಿಯನ್ನು ಬಿಡಿಸಿಕೊಳ್ಳುತ್ತದೆ. ಭ್ರೂಣಾಹಾರದಲ್ಲಿ ಚುರುಕಾಗಿರುವ ಥಯೋಎಸ್ಟರೇಸ್ ಹನ್ನೆರಡು ಇಂಗಾಲಕ್ಕೇ ಬಿಡಿಸುತ್ತದೆ. ತಿರುಳಿನಲ್ಲಿ ಚುರುಕಾಗಿರುವುದು ಹದಿನಾರಕ್ಕೆ ಬಿಡಿಸುತ್ತದೆ; ಅದರ ಕೈ ತಪ್ಪಿದ ಸರಪಣಿಗಳು ಹದಿನೆಂಟಕ್ಕೆ ಬೆಳೆದು ದ್ವಿಬಂಧ ಪಡೆದು ಒಲಿಯಿಕ್ ಆಮ್ಲವಾಗುತ್ತವೆ. ಆಮೇಲೆ ಟ್ರೈಗ್ಲಿಸರೈಡ್ ಜೋಡಿಸುವ ಹಂತ. ಸಾಮಾನ್ಯ ಅಂಗಾಂಶಗಳಲ್ಲಿ ಗ್ಲಿಸರಾಲಿನ ನಡುವಿನ ಸ್ಥಾನವನ್ನು ತುಂಬುವ ಕಿಣ್ವ ಪರ್ಯಾಪ್ತ ಆಮ್ಲಗಳನ್ನು ಒಪ್ಪುವುದಿಲ್ಲ. ತಾಳೆ, ತೆಂಗುಗಳ ಭ್ರೂಣಾಹಾರದಲ್ಲಿ ಲಾರಿಕ್ ಆಮ್ಲವನ್ನೂ ಒಪ್ಪಿಕೊಳ್ಳುವ ವಿಶೇಷ ಕಿಣ್ವವಿದೆ.

ತಿರುಳು ಇಷ್ಟೊಂದು ಎಣ್ಣೆಯನ್ನು ಹೇಗೆ ತಯಾರಿಸುತ್ತದೆ ಎಂಬ ಪ್ರಶ್ನೆಗೆ 2011ರ ಒಂದು ಅಧ್ಯಯನ ಒಳ್ಳೆಯ ಉತ್ತರ ಕೊಟ್ಟಿತು. ಸಂಶೋಧಕರು ತಾಳೆಯ ತಿರುಳನ್ನು ಅದರ ನೆಂಟನಾದ ಖರ್ಜೂರದ ತಿರುಳಿನೊಂದಿಗೆ ಹೋಲಿಸಿದರು. ಖರ್ಜೂರ ಕೂಡಿಡುವುದು ಬಹುತೇಕ ಸಕ್ಕರೆಯನ್ನೇ. ಟ್ರೈಗ್ಲಿಸರೈಡ್ ಜೋಡಿಸುವ ವಂಶವಾಹಿಗಳ ಚಟುವಟಿಕೆ ಎರಡರಲ್ಲೂ ಹೆಚ್ಚು ಭಿನ್ನವಾಗಿರಲಿಲ್ಲ. ಸಕ್ಕರೆಯನ್ನು ಒಡೆದು ಕೊಬ್ಬಿನಾಮ್ಲವಾಗಿಸುವ ವಂಶವಾಹಿಗಳು ಮಾತ್ರ ತಾಳೆಯಲ್ಲಿ ಹಲವು ಪಟ್ಟು ಚುರುಕಾಗಿದ್ದವು. ಅವನ್ನು ಎಚ್ಚರಿಸುವ ರಿಂಕಲ್ಡ್-1 ಎಂಬ ನಿಯಂತ್ರಕ ವಂಶವಾಹಿ ಖರ್ಜೂರಕ್ಕಿಂತ 57 ಪಟ್ಟು ಹೆಚ್ಚು ಸಕ್ರಿಯವಾಗಿತ್ತು. ಬೀಜಗಳಲ್ಲಿ ಈ ನಿಯಂತ್ರಕವನ್ನು ನಡೆಸುವ ಮೇಲಧಿಕಾರಿ ವಂಶವಾಹಿಗಳು ತಿರುಳಿನಲ್ಲಿ ಕಾಣಿಸಲಿಲ್ಲ. 2013ರಲ್ಲಿ ತಿರುಳು, ಭ್ರೂಣಾಹಾರ, ಭ್ರೂಣ ಮೂರನ್ನೂ ಹೋಲಿಸಿದ ಇನ್ನೊಂದು ಅಧ್ಯಯನ ರಿಂಕಲ್ಡ್-1ರ ಪ್ರತಿಗಳು ಮೊದಲೆರಡರಲ್ಲಿ ಬಹಳ ಸಕ್ರಿಯವಾಗಿರುವುದನ್ನೂ ಭ್ರೂಣದಲ್ಲಿ ಕಾಣದಿರುವುದನ್ನೂ ದಾಖಲಿಸಿತು. ಎಣ್ಣೆ ಎಷ್ಟು ಎಂಬುದನ್ನು ಒಂದು ವ್ಯವಸ್ಥೆ ನಿರ್ಧರಿಸಿದರೆ ಎಣ್ಣೆ ಎಂಥದ್ದು ಎಂಬುದನ್ನು ಇನ್ನೊಂದು ನಿರ್ಧರಿಸುತ್ತದೆ.

ಮರಕ್ಕೆ ಎರಡು ಎಣ್ಣೆಗಳ ಪ್ರಯೋಜನ

ತಿರುಳಿನ ಎಣ್ಣೆ ಬೀಜ ಹೊತ್ತೊಯ್ಯುವ ಪ್ರಾಣಿಪಕ್ಷಿಗಳಿಗೆ ಮರ ತೆರುವ ಕೂಲಿ. ಕೆಂಪು ಬಣ್ಣ ದೂರದಿಂದ ಕಣ್ಸೆಳೆಯುತ್ತದೆ, ಎಣ್ಣೆ ಹೊಟ್ಟೆ ತುಂಬಿಸುತ್ತದೆ. ರಣಹದ್ದುಗಳ ಗುಂಪಿಗೆ ಸೇರಿದರೂ ಹೆಚ್ಚಾಗಿ ತಾಳೆ ಹಣ್ಣನ್ನೇ ತಿಂದು ಬದುಕುವ ಹದ್ದೊಂದು ಆಫ್ರಿಕಾದಲ್ಲಿದೆ. ಬೀಜದ ಎಣ್ಣೆ ಮರಿಗಿಡದ ಬುತ್ತಿ. ಅದನ್ನು ಕಾಯಲು ಗಟ್ಟಿ ಚಿಪ್ಪಿದೆ. ಮೊಳಕೆಯೊಡೆದಾಗ ಭ್ರೂಣದಿಂದ ಬೆಳೆದ ಸ್ಪಂಜಿನಂಥ ಅಂಗ ಈ ಎಣ್ಣೆಯನ್ನು ಹೀರಿಕೊಳ್ಳುತ್ತದೆ; ಮೊಳೆತ ತೆಂಗಿನಕಾಯಿಯೊಳಗೆ ಮಕ್ಕಳು ಹುಡುಕಿ ತಿನ್ನುವ ಸಿಹಿ ಉಂಡೆ ಇದೇ ಅಂಗ. ಎಲೆ ಮೂಡಿ ತಾನೇ ಆಹಾರ ತಯಾರಿಸುವವರೆಗೆ ಸಸಿ ಎಣ್ಣೆಯನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಂಡು ಬದುಕುತ್ತದೆ. ಗಿನಿ ದೇಶದ ಬೊಸ್ಸೂ ಕಾಡಿನ ಚಿಂಪಾಂಜಿಗಳು ಕಲ್ಲಿನ ಮೇಲೆ ಬೀಜವಿಟ್ಟು ಇನ್ನೊಂದು ಕಲ್ಲಿನಿಂದ ಚಿಪ್ಪು ಒಡೆದು ಈ ಬುತ್ತಿಯನ್ನು ತಿನ್ನುವುದನ್ನು ವಿಜ್ಞಾನಿಗಳು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ.

ಎಣ್ಣೆ ತೆಗೆಯುವ ಕ್ರಮ

ತಿರುಳಿನಲ್ಲಿ ಲೈಪೇಸ್ ಎಂಬ ಕಿಣ್ವವಿದೆ. ಹಣ್ಣು ಜಜ್ಜಿಹೋದರೆ ಅದು ಎಣ್ಣೆಯೊಂದಿಗೆ ಬೆರೆತು ಟ್ರೈಗ್ಲಿಸರೈಡುಗಳನ್ನು ಬಿಡಿ ಆಮ್ಲಗಳಾಗಿ ಒಡೆಯುತ್ತದೆ. ಹಾಗಾದರೆ ಎಣ್ಣೆಗೆ ಬೆಲೆ ಇಳಿಯುತ್ತದೆ. ಆದ್ದರಿಂದ ಕೊಯ್ದ ಗೊನೆಯನ್ನು ಸಾಧ್ಯವಾದರೆ 24 ಗಂಟೆಯೊಳಗೆ ಕಾರ್ಖಾನೆಗೆ ಮುಟ್ಟಿಸಿ, ಒತ್ತಡದ ಹಬೆಯಲ್ಲಿ ಬೇಯಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಬೇಕು. ಬೆಂದ ಹಣ್ಣನ್ನು ಗೊನೆಯಿಂದ ಉದುರಿಸಿ, ಅರೆದು, ಹಿಂಡಿದಾಗ ತಿರುಳಿನ ಎಣ್ಣೆ ಬರುತ್ತದೆ. ಉಳಿದ ಬೀಜಗಳನ್ನು ಒಣಗಿಸಿ, ಚಿಪ್ಪು ಒಡೆದು, ಸಾಮಾನ್ಯವಾಗಿ ಬೇರೆಯದೇ ಗಿರಣಿಯಲ್ಲಿ ಹಿಂಡುತ್ತಾರೆ. ಒಣಗಿದ ಬೀಜಕ್ಕೆ ತಿರುಳಿನ ಅವಸರವಿಲ್ಲ. ತೇವ ತಾಗದಂತೆ ನೋಡಿಕೊಂಡರೆ ಅದನ್ನು ದೂರದೂರಿಗೂ ಸಾಗಿಸಬಹುದು.

ಒಂದು ಎಣ್ಣೆಗೆ ಇನ್ನೊಂದು ಬೆರೆತಿದೆಯೇ ಎಂದು ಪ್ರಯೋಗಾಲಯದಲ್ಲಿ ಪತ್ತೆ ಮಾಡುವುದು ಸುಲಭ. ಕೊಬ್ಬಿನಾಮ್ಲಗಳನ್ನು ಮೀಥೈಲ್ ಎಸ್ಟರುಗಳಾಗಿಸಿ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರದಲ್ಲಿ ಹಾಯಿಸಿದರೆ ಪ್ರತಿಯೊಂದೂ ಬೇರೆ ಬೇರೆ ಹೊತ್ತಿಗೆ ಹೊರಬರುತ್ತದೆ. ತಿರುಳಿನ ಎಣ್ಣೆ ಎಂದು ಹೇಳಿದ ಮಾದರಿಯಲ್ಲಿ ಲಾರಿಕ್ ಆಮ್ಲ ಅರ್ಧ ಶೇಕಡಾ ದಾಟಿದರೆ ಬೀಜದ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ಸೇರಿದೆ ಎಂದು ಶಂಕಿಸಬೇಕು.

ಬಳಕೆ ಮತ್ತು ಆರೋಗ್ಯ

ಪಶ್ಚಿಮ ಆಫ್ರಿಕಾದಲ್ಲಿ ಕೆಂಪು ತಾಳೆ ಎಣ್ಣೆ ಹಿಂದಿನಿಂದಲೂ ಅಡುಗೆಯ ಮೂಲ ಪದಾರ್ಥ. ಬೇರೆ ದೇಶಗಳಿಗೆ ಹೋಗುವ ಎಣ್ಣೆಯನ್ನು ಸಂಸ್ಕರಿಸಿ ಬಣ್ಣ ಕಳೆಯುತ್ತಾರೆ. ಕ್ಯಾರೊಟಿನ್‌ಗಳೂ ಆಗ ನಾಶವಾಗುತ್ತವೆ. ಅದನ್ನು ತಣಿಸಿ ಗಟ್ಟಿಯಾದ ಸ್ಟಿಯರಿನ್ ಮತ್ತು ದ್ರವರೂಪದ ಓಲೀನ್ ಎಂದು ಬೇರ್ಪಡಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ, ಹೋಟೆಲುಗಳ ಬಾಣಲೆಗಳಲ್ಲಿ ಕಾಣುವ ಪಾಮೋಲೀನ್ ಈ ದ್ರವಭಾಗ. ಅಂದರೆ ತಿರುಳಿನ ಎಣ್ಣೆಯ ಒಂದು ಅಂಶ. ಬೀಜದ ಎಣ್ಣೆ ಹೆಚ್ಚಾಗಿ ಸಾಬೂನು, ಮಾರ್ಜಕ, ಶಾಂಪೂ, ಮಿಠಾಯಿ, ಬಿಸ್ಕತ್ತಿನ ಕ್ರೀಮುಗಳಿಗೆ ಹೋಗುತ್ತದೆ. ಸಾಬೂನಿಗೆ ಎರಡೂ ಬೇಕು: ಪಾಮಿಟಿಕ್ ಆಮ್ಲ ಬಿಲ್ಲೆಗೆ ಗಟ್ಟಿತನ ಕೊಡುತ್ತದೆ, ಲಾರಿಕ್ ಆಮ್ಲ ನೊರೆ ಕೊಡುತ್ತದೆ. ಸಾಬೂನು ಉದ್ಯಮಿ ವಿಲಿಯಂ ಲೀವರ್ 1911ರಲ್ಲಿ ಬೆಲ್ಜಿಯನ್ ಕಾಂಗೋದಲ್ಲಿ ವಿಶಾಲ ತಾಳೆ ಪ್ರದೇಶಗಳ ಹಕ್ಕು ಪಡೆದದ್ದು ಈ ಕಚ್ಚಾಮಾಲಿಗಾಗಿ.

ಆರೋಗ್ಯದ ವಿಚಾರದಲ್ಲೂ ಎರಡನ್ನು ಒಂದೇ ಮಾತಿನಲ್ಲಿ ತೂಗಲಾಗದು. ಪಾಮಿಟಿಕ್ ಆಮ್ಲ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಅನ್ನು ಏರಿಸುತ್ತದೆ. ಲಾರಿಕ್ ಆಮ್ಲ ಎಲ್‌ಡಿಎಲ್ ಜೊತೆಗೆ ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಅನ್ನೂ ಏರಿಸುತ್ತದೆ. ಎಂಟು, ಹತ್ತು ಇಂಗಾಲದ ಆಮ್ಲಗಳು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತವೆ ಎಂಬುದನ್ನು ಇಡೀ ಬೀಜದ ಎಣ್ಣೆಗೆ ಅನ್ವಯಿಸಿ ಹೊಗಳುವುದು ಸರಿಯಲ್ಲ. ಆ ಎರಡು ಆಮ್ಲಗಳು ಅದರಲ್ಲಿ ಹತ್ತನೇ ಒಂದು ಪಾಲಿನಷ್ಟೇ. ದಿನದ ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ಶೇ. 10 ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಎರಡಕ್ಕೂ ಅನ್ವಯಿಸುತ್ತದೆ. ಆಹಾರ ಪೊಟ್ಟಣದ ಮೇಲೆ ತಾಳೆ ಎಣ್ಣೆ ಎಂದಷ್ಟೇ ಓದಿದರೆ ಸಾಲದು. ತಿರುಳಿನದೋ ಬೀಜದ್ದೋ ಎಂದು ತಿಳಿದರೆ ಮಾತ್ರ ಒಳಗಿರುವ ಕೊಬ್ಬಿನ ಸ್ವರೂಪ ಗೊತ್ತಾಗುತ್ತದೆ.

ಇತರ ಸಸ್ಯಗಳಲ್ಲಿ

ತಿರುಳು–ಬೀಜಗಳ ಸಂಬಂಧ ಎಲ್ಲ ಸಸ್ಯಗಳಲ್ಲಿ ಒಂದೇ ತೆರನಾಗಿಲ್ಲ. ಆಲಿವ್ ಹಣ್ಣಿನಲ್ಲಿ ತಿರುಳಿಗೂ ಬೀಜಕ್ಕೂ ಒಲಿಯಿಕ್ ಆಮ್ಲವೇ ಪ್ರಧಾನ, ಭೇದ ಸಣ್ಣದು. ಬೆಣ್ಣೆಹಣ್ಣಿನಲ್ಲಿ ಎಣ್ಣೆಯೆಲ್ಲ ತಿರುಳಿನಲ್ಲಿದೆ, ದೊಡ್ಡ ಬೀಜದಲ್ಲಿರುವುದು ಮುಖ್ಯವಾಗಿ ಪಿಷ್ಟ. ಲಡಾಖಿನ ಶೀತ ಮರುಭೂಮಿಯಲ್ಲಿ ಬೆಳೆಯುವ ಸೀಬಕ್‌ಥಾರ್ನ್ ಪೊದೆಯ ತಿರುಳಿನಲ್ಲಿ ಅಪರೂಪದ ಪಾಮಿಟೋಲಿಯಿಕ್ ಆಮ್ಲ ಹೇರಳ. ಅದರ ಬೀಜದಲ್ಲಿ ಲಿನೋಲಿಯಿಕ್ ಮತ್ತು ಲಿನೋಲೆನಿಕ್ ಆಮ್ಲಗಳದ್ದೇ ದೊಡ್ಡ ಪಾಲು. ಪಶ್ಚಿಮ ಘಟ್ಟದ ಮುರುಗಲು ಹಣ್ಣಿನಲ್ಲಿ, ಅಂದರೆ ಪುನರ್ಪುಳಿಯಲ್ಲಿ, ಹುಳಿ ಸಿಪ್ಪೆ ಮತ್ತು ತಿರುಳಿನಲ್ಲಿ ಕೊಬ್ಬು ಹೆಸರಿಗಷ್ಟೇ. ಬೀಜದಲ್ಲಿ ಸ್ಟಿಯರಿಕ್ ಆಮ್ಲ ಅರ್ಧಕ್ಕಿಂತ ಹೆಚ್ಚಾಗಿರುವ ಗಟ್ಟಿ ಕೊಬ್ಬಿದೆ. ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಅದೇ. ಸಕ್ಕರೆ, ಹುಳಿ ಅಥವಾ ಎಣ್ಣೆ, ಯಾವುದನ್ನು ಕೊಟ್ಟು ಪ್ರಾಣಿಗಳನ್ನು ಕರೆಯಬೇಕೆಂಬುದು ತಿರುಳಿನ ವಿಷಯ. ಸಸಿಗೆ ಏನನ್ನು ಉಳಿಸಬೇಕೆಂಬುದು ಬೀಜದ ವಿಷಯ. ಎರಡೂ ಬೇರೆ ಬೇರೆಯಾಗಿ ವಿಕಾಸಗೊಂಡಿವೆ.

ಭಾರತದಲ್ಲಿ, ಕರ್ನಾಟಕದಲ್ಲಿ

ಎಣ್ಣೆ ತಾಳೆ ಭಾರತಕ್ಕೆ ಬಂದದ್ದು 1886ರಲ್ಲಿ, ಕಲ್ಕತ್ತದ ಸಸ್ಯೋದ್ಯಾನಕ್ಕೆ. ಈ ಬೆಳೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಆಂಧ್ರಪ್ರದೇಶದ ಪೆದವೇಗಿಯಲ್ಲಿದೆ. ಕರ್ನಾಟಕದ ಗಂಗಾವತಿಯಲ್ಲೂ ಸಂಶೋಧನಾ ಕೇಂದ್ರವಿದೆ. ಮಳೆಕಾಡಿನ ಈ ಮರಕ್ಕೆ ವರ್ಷವಿಡೀ ನೀರು ಬೇಕಾದ್ದರಿಂದ ನಮ್ಮ ರಾಜ್ಯದಲ್ಲಿ ಇದನ್ನು ನೀರಾವರಿ ಜಮೀನಿನಲ್ಲಿ ಬೆಳೆಯುತ್ತಾರೆ. ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ 11,040 ಕೋಟಿ ರೂಪಾಯಿಯ ರಾಷ್ಟ್ರೀಯ ಖಾದ್ಯತೈಲ ಅಭಿಯಾನಕ್ಕೆ ಒಪ್ಪಿಗೆ ನೀಡಿ, ತಾಳೆ ಬೆಳೆಯನ್ನು 2025–26ರ ಹೊತ್ತಿಗೆ 10 ಲಕ್ಷ ಹೆಕ್ಟೇರಿಗೆ ವಿಸ್ತರಿಸುವ ಗುರಿ ಇಟ್ಟಿತು. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ಈ ಬೆಳೆಗಾಗಿ ಮಳೆಕಾಡುಗಳು ನಾಶವಾದ ಅನುಭವ ಇಂಥ ವಿಸ್ತರಣೆ ನಡೆಯುವೆಡೆಗಳಲ್ಲೆಲ್ಲ ನೆನಪಿನಲ್ಲಿರಬೇಕು.

ತಿರುಳಿನ ಎಣ್ಣೆ ಮತ್ತು ಬೀಜದ ಎಣ್ಣೆ ಒಂದನ್ನೊಂದು ಅವಲಂಬಿಸದಿರುವುದು ತಳಿ ಸುಧಾರಣೆಗೆ ಒಂದು ದಾರಿ ತೆರೆದಿದೆ. ಅಮೆರಿಕ ಖಂಡದ ಸೋದರ ಜಾತಿಯಾದ ಇಲೀಯಿಸ್ ಓಲಿಫೆರಾದ ತಿರುಳಿನ ಎಣ್ಣೆಯಲ್ಲಿ ಪಾಮಿಟಿಕ್ ಆಮ್ಲ ಕಡಿಮೆ, ಒಲಿಯಿಕ್ ಆಮ್ಲ ಹೆಚ್ಚು. ಅದನ್ನು ಆಫ್ರಿಕಾದ ತಾಳೆಯೊಂದಿಗೆ ಕೂಡಿಸಿದ ಮಿಶ್ರತಳಿಗಳನ್ನು ಕೊಲಂಬಿಯಾದಲ್ಲಿ ಸುಳಿಕೊಳೆ ರೋಗವನ್ನು ತಡೆದುಕೊಳ್ಳುತ್ತವೆಂದು ನೆಟ್ಟಿದ್ದಾರೆ. ಅವುಗಳ ತಿರುಳಿನ ಎಣ್ಣೆ ಹೆಚ್ಚು ದ್ರವರೂಪದ್ದು, ಬೀಜದ ಎಣ್ಣೆ ಮಾತ್ರ ಲಾರಿಕ್ ಆಮ್ಲದ್ದಾಗಿಯೇ ಉಳಿದಿದೆ. ಲೈಪೇಸ್ ಕಡಿಮೆಯಿರುವ ಸಾಲುಗಳನ್ನೂ ವಿಜ್ಞಾನಿಗಳು ಗುರುತಿಸಿದ್ದಾರೆ. ಅಂಥ ಮರದ ಗೊನೆ ಕಾರ್ಖಾನೆ ತಲುಪುವುದು ತಡವಾದರೂ ತಿರುಳಿನ ಎಣ್ಣೆ ಬೇಗ ಕೆಡುವುದಿಲ್ಲ. ಕಾರ್ಖಾನೆಯಿಂದ ದೂರದಲ್ಲಿರುವ ಸಣ್ಣ ರೈತರಿಗೆ ಇದರಿಂದ ಹೆಚ್ಚಿನ ಅನುಕೂಲ. ಬೀಜದ ಗುಣಕ್ಕೆ ಧಕ್ಕೆ ತಾರದೆ ತಿರುಳನ್ನು ತಿದ್ದಲು ಸಾಧ್ಯ ಎಂಬುದನ್ನು ಈ ತಳಿಗಳು ತೋರಿಸಿಕೊಡುತ್ತಿವೆ.